ಹಳೆ ಸ್ಪೋರ್ಟ್ಸ್ ಕಾರಿಗೆ ಹೊಸ ಬಣ್ಣ: ಮೊದಲು ತೂತು ಎಣಿಸಿ

ಒಂದು ಮಳೆಗಾಲದಲ್ಲಿ ನನ್ನ ಕಾರಿನ ಡಿಕ್ಕಿಯಲ್ಲಿ ಮೀನು ಸಾಕಬಹುದಾಗಿತ್ತು. ಸ್ಟೆಪ್ನಿ ಕೂರುವ ಗುಂಡಿಯ ತುಂಬ ನೀರು. ಎಲ್ಲಿಂದ ಬಂತು ಅಂತ ಎರಡು ದಿನ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಡಿಕ್ಕಿ ಬಾಗಿಲ ಮೇಲಿನ ನಾಲ್ಕು ತೂತು. ಅವನ್ನು ಕೊರೆಸಿದವನು ನಾನೇ. ಕಾರಿಗೆ ಹೊಸ ಬಣ್ಣ ಹೊಡೆಸಿ ಮನೆಗೆ ತಂದ ವಾರಕ್ಕೆ, ಹಿಂದೆ ಡಿಕ್ಕಿ ಮೇಲೆ ಒಂದು ಸ್ಪಾಯ್ಲರ್, ಅದೇ ರೆಕ್ಕೆಯಂಥದ್ದು, ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು. ಆ ಹೊಸ ಬಣ್ಣದ ಮೇಲೇ ಡ್ರಿಲ್ ಇಡಿಸಿದೆ. ಬಣ್ಣ ಕಿತ್ತ ಅಂಚಿಗೆ ತುಕ್ಕು ಹತ್ತಿತು, ವಾಷರ್ ಸಡಿಲವಾಯಿತು, ನೀರು ಒಳಗೆ ಇಳಿಯಿತು.

ಕಾರು 2002ರ ಹೋಂಡಾ ಸಿಟಿ, 1.5 ಲೀಟರಿನ ವಿಟೆಕ್ ಎಂಜಿನ್ನಿನದ್ದು. ನಾಲ್ಕು ಬಾಗಿಲಿನ ಇದನ್ನು ಸ್ಪೋರ್ಟ್ಸ್ ಕಾರು ಅಂದರೆ ಕೆಲವರು ನಗುತ್ತಾರೆ. 106 ಕುದುರೆ ಬಲದ ಆ ಎಂಜಿನ್ ದೇವರಾಯನದುರ್ಗದ ಏರಿನಲ್ಲಿ ಹೇಗೆ ಎಳೆಯುತ್ತದೆ ಅಂತ ನೋಡಿದವರು ಮಾತ್ರ ನಗಲ್ಲ. ನಮ್ಮ ತುಮಕೂರಿನ ಕಡೆ ಹಳೆ ಸ್ಪೋರ್ಟ್ಸ್ ಕಾರು ಅಂದರೆ ಹೆಚ್ಚಾಗಿ ಇಂಥವೇ ಅಲ್ವಾ? ವಿಟೆಕ್ ಸಿಟಿ, ಮಿತ್ಸುಬಿಷಿ ಲ್ಯಾನ್ಸರ್, ಫಿಯೆಟ್ ಪಾಲಿಯೊ 1.6, ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಅದೃಷ್ಟ ಇದ್ದವರ ಮನೆಯಲ್ಲಿ ಎರಡೇ ಸೀಟಿನ ಒಂದು ಸ್ಯಾನ್ ಸ್ಟಾರ್ಮ್.

ನನ್ನ ಕಾರಿಗೆ ಎರಡು ಸಲ ಪೂರ್ತಿ ಬಣ್ಣ ಆಗಿದೆ. ಮೊದಲ ಸಲ ಬಣ್ಣ ಹೊಡೆಸಿ ಆಮೇಲೆ ಅಂದಚಂದ ಯೋಚಿಸಿದೆ. ಎರಡನೇ ಸಲ ಉಲ್ಟಾ ಮಾಡಿದೆ. ಬಂಪರ್, ದೀಪ, ಕನ್ನಡಿ, ಬಾಗಿಲ ಉದ್ದಕ್ಕಿರುವ ಬೀಡಿಂಗ್ ಪಟ್ಟಿ ಎಲ್ಲ ಬಿಚ್ಚಿ ಕಾರು ಬೋಳಾಗಿ ನಿಲ್ಲುವುದು ಬಣ್ಣದ ಸಮಯದಲ್ಲಿ ಮಾತ್ರ. ಏನು ತೆಗೀಬೇಕು, ಏನು ಸೇರಿಸಬೇಕು, ಏನನ್ನು ಮುಟ್ಟಲೇಬಾರದು ಅನ್ನೋದು ಅದಕ್ಕೂ ಮುಂಚೆ ತೀರ್ಮಾನ ಆಗಿರಬೇಕು. ಆ ಕ್ರಮದಲ್ಲೇ ಹೇಳುತ್ತಾ ಹೋಗುತ್ತೇನೆ.

ಮೊದಲು ಕಾರು ತೊಳೆದು ಸುತ್ತ ಒಂದು ರೌಂಡ್ ಹಾಕಿ

ಬಣ್ಣದ ಕಾರ್ಡ್ ನೋಡೋಕೆ ಹೋಗಬೇಡಿ. ಕಾರು ಚೆನ್ನಾಗಿ ತೊಳೆದು ಒರೆಸಿ, ಬೆಳಗ್ಗೆ ಏಳು ಗಂಟೆಯ ಓರೆ ಬಿಸಿಲಿಗೆ ನಿಲ್ಲಿಸಿ. ಮಧ್ಯಾಹ್ನದ ಬಿಸಿಲಲ್ಲಿ ಕಾಣದ ತಗ್ಗು, ಅಲೆ, ಹಳೆ ರಿಪೇರಿ ಎಲ್ಲ ಆಗ ಎದ್ದು ಕಾಣುತ್ತದೆ. ಒಂದು ಸಣ್ಣ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಡಿ ಮೇಲೆ ಆಡಿಸಿ. ಹಿಡಿತ ಸಡಿಲ ಅನ್ನಿಸಿದ ಕಡೆ ಕೆಳಗೆ ದಪ್ಪಗೆ ಪುಟ್ಟಿ ಇದೆ ಅಂತ ಅರ್ಥ. ಹಿಂದಿನ ಚಕ್ರದ ಮೇಲಿನ ಕಮಾನು, ಬಾಗಿಲುಗಳ ಕೆಳ ಅಂಚು, ಸ್ಟೆಪ್ನಿ ಗುಂಡಿ, ಮುಂದಿನ ಗಾಜಿನ ಕೆಳಮೂಲೆ, ಈ ನಾಲ್ಕು ಜಾಗವನ್ನು ಬಿಡಬೇಡಿ. ಹಳೆ ಕಾರಿನ ತುಕ್ಕು ಮೊದಲು ಶುರುವಾಗೋದು ನೀರು ನಿಲ್ಲುವ ಇಂಥ ಕಡೆಯೇ.

ಸ್ಟಾರ್ಮ್ ಇದ್ದವರಿಗೆ ಅಯಸ್ಕಾಂತ ಕೆಲಸಕ್ಕೆ ಬರಲ್ಲ, ಅದರ ಬಾಡಿ ಫೈಬರ್. ತುಕ್ಕಿನ ಕಾಟ ಬಾಡಿಗಿಲ್ಲ, ಅದಕ್ಕೆ ಬೇರೆ ಕಾಟ ಇದೆ. ಬೋಲ್ಟ್ ಸುತ್ತ, ಹಿಂಜ್ ಹತ್ತಿರ ಜೇಡರ ಬಲೆಯ ಹಾಗೆ ಕೂದಲೆಳೆ ಬಿರುಕು ಬಿಟ್ಟಿರುತ್ತದೆ. ಅದನ್ನು ಅಗಲಿಸಿ, ಫೈಬರ್ ಹಾಳೆ ಮತ್ತು ರೆಸಿನ್ ಹಾಕಿ ಸರಿಮಾಡಬೇಕು. ಸುಮ್ನೆ ಪುಟ್ಟಿ ಬಳಿದರೆ ಅದೇ ಬಿರುಕು ಹೊಸ ಬಣ್ಣವನ್ನೂ ಸೀಳಿಕೊಂಡು ಮೇಲೆ ಬರುತ್ತದೆ. ಬಣ್ಣ ಕೀಳುವ ಕೆಮಿಕಲ್ ಅನ್ನು ಫೈಬರ್ ಮೇಲೆ ಹಾಕಲು ಬಿಡಬೇಡಿ, ರೆಸಿನ್ನನ್ನೇ ಮೆತ್ತಗೆ ಮಾಡಿಬಿಡುತ್ತದೆ. ಉಪ್ಪುಕಾಗದದಲ್ಲಿ ತಾಳ್ಮೆಯಿಂದ ಉಜ್ಜಿಸಿ. ಬಣ್ಣ ಹೊಡೆದು ಒಣಗಿಸುವ ಮುಚ್ಚಿದ ಕೋಣೆ, ಅಂದರೆ ಬೂತ್‌ನಲ್ಲಿ ಜಾಸ್ತಿ ಬಿಸಿ ಕೊಡುವುದೂ ಬೇಡ. ಫೈಬರ್ ಒಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗಿ ಬಣ್ಣದಲ್ಲಿ ಗುಳ್ಳೆ ಏಳುತ್ತದೆ.

ಈಗ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕಾರಿನ ಮೇಲಿರುವ ಪ್ರತಿ ತೂತನ್ನೂ ಬರೆಯಿರಿ. ಆಂಟೆನಾ, ಹೆಸರಿನ ಬ್ಯಾಡ್ಜ್, ಸೈಡ್ ಬೀಡಿಂಗ್ ಕ್ಲಿಪ್, ಹಿಂದಿನ ಮಾಲೀಕರು ಹಾಕಿಸಿದ ಫಾಗ್ ಲ್ಯಾಂಪ್, ಕ್ರೋಮ್ ಗಾರ್ಡ್, ಮಡ್ ಫ್ಲ್ಯಾಪ್, ಎಲ್ಲವೂ. ನನ್ನ ಸಿಟಿಯಲ್ಲಿ ಕಂಪನಿಯದ್ದಲ್ಲದ ತೂತೇ ಹದಿನೇಳು ಇದ್ದವು. ಆಮೇಲೆ ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ. ಇವು ಎರಡು ಕೆಲಸಕ್ಕೆ ಬರುತ್ತವೆ: ಬಿಚ್ಚಿದ್ದನ್ನು ವಾಪಸ್ ಜೋಡಿಸಲು, ಮತ್ತು ಶೆಡ್ಡಿನಲ್ಲಿ "ಇದು ಮೊದಲೇ ಹಂಗೇ ಇತ್ತು ಸಾರ್" ಅಂದಾಗ ತೋರಿಸಲು.

ಅದೇ ಬಣ್ಣವಾ, ಬೇರೆಯದಾ?

ನನಗೆ ಕೆಂಪು ಬೇಕಿತ್ತು. ಕಾರು ಬೆಳ್ಳಿ ಬಣ್ಣದ್ದು. ನಾಲ್ಕು ತಿಂಗಳು ಯೋಚಿಸಿ ಮತ್ತೆ ಬೆಳ್ಳಿಯನ್ನೇ ಹೊಡೆಸಿದೆ. ಕಾರಣ ಮೂರು.

ಒಂದು, ಬಣ್ಣ ಬದಲಿಸಿದರೆ ಹೊರಗೆ ಮಾತ್ರ ಹೊಡೆದು ಸುಮ್ಮನಾಗಲು ಆಗಲ್ಲ. ಬಾಗಿಲು ತೆರೆದಾಗ ಕಾಣುವ ಚೌಕಟ್ಟು, ಬಾನೆಟ್ಟಿನ ಒಳಮೈ, ಡಿಕ್ಕಿಯ ಅಂಚು, ಹಿಂಜ್, ಎಂಜಿನ್ ಸುತ್ತಲಿನ ತಗಡು ಎಲ್ಲ ಹೊಸ ಬಣ್ಣಕ್ಕೆ ಬರಬೇಕು. ಅದಕ್ಕೆ ಎಂಜಿನ್ ಬೇನಲ್ಲಿ ಎಷ್ಟೋ ಬಿಚ್ಚಬೇಕು. ಕೆಲಸ ಸುಮಾರು ದುಪ್ಪಟ್ಟು. ಅದನ್ನು ಮಾಡದೆ ಬಿಟ್ಟರೆ ಬಾಗಿಲು ತೆರೆದಾಗಲೆಲ್ಲ ಹಳೆ ಬಣ್ಣ ಇಣುಕುತ್ತದೆ. ಹೊರಗೆ ಮಿರಮಿರ ಕೆಂಪು, ಬಾಗಿಲು ತೆಗೆದರೆ ಬೆಳ್ಳಿ. ಮದುವೆ ಮನೆಗೆ ರೇಷ್ಮೆ ಪಂಚೆ ಉಟ್ಟು ಮೇಲೆ ಬನಿಯನ್ನಿನಲ್ಲೇ ಹೋದ ಹಾಗೆ.

ಎರಡು, ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ. ಬದಲಿಸುವುದಾದರೆ ಆರ್‌ಟಿಒಗೆ ಅರ್ಜಿ ಕೊಟ್ಟು, ಕಾರು ತೋರಿಸಿ, ಆರ್‌ಸಿಯಲ್ಲಿ ಹೊಸ ಬಣ್ಣ ಬರೆಸಬೇಕು. ಜಿಲ್ಲೆಯಲ್ಲಿ ಕೆಎ-06 ಆದರೆ ತುಮಕೂರು, ಕೆಎ-44 ತಿಪಟೂರು, ಕೆಎ-64 ಮಧುಗಿರಿ ಕಚೇರಿ. ಸಾಲ ಬಾಕಿ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಇನ್ಶೂರೆನ್ಸ್ ಕಂಪನಿಗೂ ತಿಳಿಸಿ, ಇಲ್ಲದಿದ್ದರೆ ನಾಳೆ ಕ್ಲೇಮ್ ಸಮಯದಲ್ಲಿ ತಕರಾರು ಬರಬಹುದು. ಒಂದು ಬಣ್ಣವನ್ನಂತೂ ಆಸೆಯೇ ಪಡಬೇಡಿ: ಆಲಿವ್ ಗ್ರೀನ್. ಮೋಟಾರು ವಾಹನ ನಿಯಮಗಳ ಪ್ರಕಾರ ಅದು ಸೇನೆಯ ವಾಹನಗಳಿಗೆ ಮಾತ್ರ. ಹದಿನೈದು ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಇದ್ದೇ ಇರುತ್ತದೆ. ಆ ತಾರೀಕು ಹತ್ತಿರ ಇದ್ದರೆ ಬಣ್ಣ ಮುಗಿಸಿ ಕಾರು ಲಕ್ಷಣವಾಗಿ ತೋರಿಸುವುದು ಜಾಣತನ.

ಮೂರು, ನಮ್ಮ ಧೂಳು. ಶಿರಾ ಕಡೆಯಿಂದ ಒಂದು ಸಲ ಬಂದರೆ ಕಪ್ಪು ಕಾರು ಕಪ್ಪಾಗಿ ಉಳಿಯಲ್ಲ. ಬೆಳ್ಳಿ, ತಿಳಿ ಬೂದು, ಬಿಳಿ ಧೂಳನ್ನು ಮುಚ್ಚಿಡುತ್ತವೆ. ಗಾಢ ನೀಲಿ, ಕಪ್ಪು ಬಣ್ಣದ ಮೇಲೆ ಒರೆಸಿದ ಬಟ್ಟೆಯ ಗೆರೆ ಕೂಡ ಬಿಸಿಲಿಗೆ ಸುರುಳಿ ಸುರುಳಿಯಾಗಿ ಕಾಣುತ್ತದೆ. ಕೆಂಪು ಬೇಕೇ ಬೇಕು ಅನ್ನುವವರು ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ ಇರುವ ಪದ್ಧತಿಯಲ್ಲೇ ಹೊಡೆಸಿ. ಕ್ಲಿಯರ್ ಇಲ್ಲದ ಕೆಂಪು ಬಿಸಿಲಿಗೆ ಬೇಗ ಮಾಸುತ್ತದೆ, ಒರೆಸಿದರೆ ಬಟ್ಟೆಗೆ ಗುಲಾಬಿ ಪುಡಿ ಅಂಟುತ್ತದೆ.

ಕಾರಿನ ಇತಿಹಾಸ ನೋಡಿ ಬಣ್ಣ ಆರಿಸುವುದೂ ಒಂದು ಮಜಾ. ಹಳೇ ರೇಸಿಂಗ್ ದಿನಗಳಲ್ಲಿ ದೇಶಕ್ಕೊಂದು ಬಣ್ಣ ಇತ್ತು. ಇಟಲಿಗೆ ಕೆಂಪು, ಫ್ರಾನ್ಸ್‌ಗೆ ನೀಲಿ, ಬ್ರಿಟನ್‌ಗೆ ಹಸಿರು, ಜರ್ಮನಿಗೆ ಬಿಳಿ ಅಥವಾ ಬೆಳ್ಳಿ. ಹೋಂಡಾ ತನ್ನ ಮೊದಲ ಫಾರ್ಮುಲಾ ಒನ್ ಗೆಲುವು ಪಡೆದದ್ದು 1965ರಲ್ಲಿ, ಮೆಕ್ಸಿಕೋದಲ್ಲಿ. ಆ ಕಾರು ಕೆನೆ ಬಿಳಿ, ಮೂತಿಯ ಮೇಲೆ ಕೆಂಪು ಸೂರ್ಯ. 1992ರ ಎನ್‌ಎಸ್‌ಎಕ್ಸ್ ಟೈಪ್ ಆರ್ ಕಾಲದಿಂದ ಹೋಂಡಾದ ಟೈಪ್ ಆರ್ ಕಾರುಗಳಿಗೆ ಬಂದ ಚಾಂಪಿಯನ್‌ಷಿಪ್ ವೈಟ್‌ಗೆ ಸ್ಫೂರ್ತಿ ಅದೇ. ಇಟಲಿಯ ಪಾಲಿಯೊ ಇದ್ದವರಿಗೆ ಕೆಂಪು, ಜಪಾನಿನ ಲ್ಯಾನ್ಸರ್ ಇದ್ದವರಿಗೆ ಬಿಳಿ ಒಪ್ಪುವುದರಲ್ಲಿ ಸ್ವಲ್ಪ ಅರ್ಥ ಇದೆ. ನಿಯಾನ್ ಹಸಿರು ಯಾರಿಗೂ ಒಪ್ಪಲ್ಲ ಅನ್ನೋದು ಮಾತ್ರ ನನ್ನ ಸ್ವಂತ ಅಭಿಪ್ರಾಯ.

ಅದೇ ಬಣ್ಣ ಅಂತ ತೀರ್ಮಾನಿಸಿದರೆ ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಕೆಳಗೋ ಇರುವ ತಗಡಿನ ಮೇಲೆ ಬಣ್ಣದ ಕೋಡ್ ನೋಡಿ. ಹೋಂಡಾದಲ್ಲಿ ಟಫೇಟಾ ವೈಟ್‌ಗೆ ಎನ್‌ಎಚ್-578, ಮಿಲಾನೊ ರೆಡ್‌ಗೆ ಆರ್-81, ಹೀಗೆ ಒಂದೊಂದಕ್ಕೂ ಒಂದು ಕೋಡ್ ಇರುತ್ತದೆ. ಬಣ್ಣದ ಅಂಗಡಿಗೆ ಈ ಕೋಡ್ ಕೊಡಿ. ಕಲಸಿದ ಬಣ್ಣವನ್ನು ಮೊದಲು ಒಂದು ತಗಡಿನ ತುಂಡಿಗೆ ಹೊಡೆಸಿ, ಕ್ಲಿಯರ್ ಸಮೇತ. ಅದನ್ನು ಮಧ್ಯಾಹ್ನದ ಬಿಸಿಲಲ್ಲಿ, ಸಂಜೆ, ರಾತ್ರಿ ಬೀದಿದೀಪದ ಕೆಳಗೆ, ಮೂರೂ ಸಲ ನೋಡಿ. ಅಂಗಡಿಯ ಟ್ಯೂಬ್‌ಲೈಟಿನ ಬೆಳಕು ನಂಬಬೇಡಿ.

ಯಾವ ತೂತು ಮುಚ್ಚಬೇಕು, ಯಾವುದು ಬೇಡ

ನನ್ನ ಪ್ರಕಾರ ಹಳೆ ಸ್ಪೋರ್ಟ್ಸ್ ಕಾರಿಗೆ ಅಂದ ಬರುವುದು ಸೇರಿಸಿದ್ದಕ್ಕಿಂತ ತೆಗೆದದ್ದರಿಂದಲೇ ಜಾಸ್ತಿ. ಹಿಂದಿನ ಮಾಲೀಕರ ಕ್ರೋಮ್ ಪಟ್ಟಿ, ಸುಳ್ಳು ಗಾಳಿಕಿಂಡಿ, ಅಂಟಿಸಿದ ಟರ್ಬೊ ಬ್ಯಾಡ್ಜ್ ತೆಗೆದ ಕೂಡಲೇ ಕಾರು ಐದು ವರ್ಷ ಚಿಕ್ಕದಾಗಿ ಕಾಣುತ್ತದೆ.

ಆದರೆ ಮುಚ್ಚುವ ವಿಧಾನ ಮುಖ್ಯ. ಮೊದಲ ಸಲ ನನ್ನ ಕಾರಿನ ಆಂಟೆನಾ ತೂತಿಗೆ ಹಿಂದಿನಿಂದ ಒಂದು ಟೇಪ್ ಅಂಟಿಸಿ, ಮುಂದಿನಿಂದ ಪುಟ್ಟಿ ತುಂಬಿ, ಉಜ್ಜಿ ಬಣ್ಣ ಹೊಡೆದಿದ್ದರು. ಡೆಲಿವರಿ ದಿನ ಕೈಯಾಡಿಸಿ ನೋಡಿದರೂ ಗೊತ್ತಾಗಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಅಲ್ಲಿ ಐದು ರೂಪಾಯಿ ನಾಣ್ಯದಷ್ಟು ಒಂದು ಉಂಗುರ ಮೂಡಿತು. ಪುಟ್ಟಿ ತೇವ ಹೀರುತ್ತದೆ. ಬಿಸಿಲಿಗೆ ತಗಡು ಹಿಗ್ಗುವ ಲೆಕ್ಕವೇ ಬೇರೆ, ಪುಟ್ಟಿ ಹಿಗ್ಗುವ ಲೆಕ್ಕವೇ ಬೇರೆ. ಹಾಗಾಗಿ ಅಂಚು ಬಿಡುತ್ತದೆ.

ಸರಿಯಾದ ದಾರಿ ತಗಡಿನ ತುಂಡು ಕತ್ತರಿಸಿ ವೆಲ್ಡ್ ಮಾಡುವುದು. ವೆಲ್ಡಿಂಗ್ ಚುಕ್ಕೆ ಚುಕ್ಕೆಯಾಗಿ, ಮಧ್ಯೆ ಮಧ್ಯೆ ತಣಿಯಲು ಬಿಟ್ಟು ಆಗಬೇಕು. ಒಂದೇ ಸಮ ಎಳೆದರೆ ತಗಡು ಕಾದು ಡೊಂಕಾಗುತ್ತದೆ. ಆಮೇಲೆ ಗ್ರೈಂಡ್ ಮಾಡಿ, ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಹಾಕಿ, ಮೇಲೆ ತೆಳುವಾಗಿ ಪುಟ್ಟಿ. ಒಳಬದಿಯಲ್ಲೂ ಪ್ರೈಮರ್ ಬೇಕು. ಅದನ್ನು ಮರೆತರೆ ತುಕ್ಕು ಹಿಂದಿನಿಂದ ತಿನ್ನುತ್ತಾ ಬರುತ್ತದೆ. ಎರಡನೇ ಸಲ ನನ್ನ ಕೆಲಸ ಮಾಡಿಕೊಟ್ಟ ಟಿಂಕರ್ ಭಾಯ್, "ಪುಟ್ಟಿ ಪೌಡರ್ ಇದ್ದಂಗೆ ಸಾರ್, ಮುಖಕ್ಕೆ ಹಚ್ಚಬಹುದು. ಮೂಗೇ ಇಲ್ಲ ಅಂದ್ರೆ ಪೌಡರಲ್ಲಿ ಮೂಗು ಮಾಡಕ್ಕಾಗ್ತದಾ?" ಅಂದಿದ್ದರು.

ಮುಚ್ಚಬಾರದ ತೂತುಗಳೂ ಇವೆ. ಬಾಗಿಲ ಕೆಳಗೆ, ಬಾಗಿಲ ಹೊಸ್ತಿಲಿನಂಥ ತಗಡಿನ ಕೆಳಗೆ, ಡಿಕ್ಕಿ ಮೂಲೆಯಲ್ಲಿ ನೀರು ಇಳಿದುಹೋಗಲು ಕಂಪನಿಯೇ ಬಿಟ್ಟ ಕಿಂಡಿಗಳಿರುತ್ತವೆ. ಪುಟ್ಟಿ ಬಳಿಯುವಾಗ, ಕೆಳಗೆ ಕಪ್ಪು ಕೋಟಿಂಗ್ ಹೊಡೆಯುವಾಗ ಇವು ಮುಚ್ಚಿಹೋಗುತ್ತವೆ. ನೋಟ್‌ಬುಕ್‌ನಲ್ಲಿ ಇವನ್ನು ಬೇರೆ ಬರೆದಿಟ್ಟುಕೊಳ್ಳಿ, ಡೆಲಿವರಿ ದಿನ ಒಂದು ತಂತಿ ತೂರಿಸಿ ನೋಡಿ.

ಸೈಡ್ ಬೀಡಿಂಗ್ ತೆಗೀಬೇಕಾ ಬೇಡವಾ? ತೆಗೆದರೆ ಬಾಗಿಲು ನುಣುಪಾಗಿ, ಕಾರು ಉದ್ದವಾಗಿ ಕಾಣುತ್ತದೆ. ನೀವು ದಿನಾ ಬಿ.ಎಚ್. ರಸ್ತೆಯಲ್ಲಿ ಪಾರ್ಕ್ ಮಾಡುವವರಾದರೆ ಇರಲಿ ಬಿಡಿ. ಪಕ್ಕದ ಕಾರಿನ ಬಾಗಿಲು ಬಡಿದರೆ ಪೆಟ್ಟು ಬೀಳುವುದು ಬೀಡಿಂಗಿಗೆ. ನಾನು ತೆಗೆಸಿದೆ, ಈಗ ಎಡ ಬಾಗಿಲಲ್ಲಿ ಎರಡು ಸಣ್ಣ ತಗ್ಗು ಇವೆ. ಪಶ್ಚಾತ್ತಾಪ ಇಲ್ಲ.

ಸ್ಪಾಯ್ಲರ್, ಬಂಪರ್

ಸ್ಪಾಯ್ಲರ್ ಬೇಕಿದ್ದರೆ ಪ್ರೈಮರ್ ಹೊಡೆಯುವ ಮುಂಚೆಯೇ ತಂದು ಕೂರಿಸಿ ನೋಡಿ. ತೂತು ಆಗಲೇ ಕೊರೆಸಿ. ತೂತಿನ ಒಳ ಅಂಚಿಗೂ ಪ್ರೈಮರ್, ಬಣ್ಣ ಹೋಗಬೇಕು. ಬಣ್ಣ ಒಣಗಿದ ಮೇಲೆ ರಬ್ಬರ್ ವಾಷರ್ ಮತ್ತು ಸೀಲೆಂಟ್ ಹಾಕಿ ಬಿಗಿಸಿ. ನನ್ನ ಮೀನಿನ ತೊಟ್ಟಿ ಆಗಿದ್ದು ಈ ಮೂರನ್ನೂ ಮಾಡದೆ. ಇನ್ನೊಂದು ಮಾತು. ತಗಡಿನ ಅಂಚಿಗೆ ಒತ್ತಿಕೊಂಡು ಸ್ವಲ್ಪವೇ ಮೇಲೇಳುವ ಬಾತುಕೋಳಿ ಬಾಲದಂಥ ಸ್ಪಾಯ್ಲರ್ ಹಳೆ ಕಾರಿಗೆ ಒಪ್ಪುತ್ತದೆ. ಎರಡು ಕಂಬದ ಮೇಲೆ ನಿಂತ ದೊಡ್ಡ ರೆಕ್ಕೆ ನಮ್ಮ ರಸ್ತೆಯ ವೇಗಕ್ಕೆ ಏನೂ ಮಾಡಲ್ಲ, ಬಟ್ಟೆ ಒಣಗಿಸಲು ಅನುಕೂಲ ಅಷ್ಟೇ. ಅದರ ಭಾರಕ್ಕೆ ಡಿಕ್ಕಿ ಬಾಗಿಲು ನಿಲ್ಲದೆ ತಲೆ ಮೇಲೆ ಬೀಳುವುದು ಬೇರೆ.

ಬಂಪರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಹಳೆ ಬೆಳ್ಳಿ ಕಾರುಗಳನ್ನು ನೋಡಿ, ಹತ್ತರಲ್ಲಿ ಎಷ್ಟೋ ಕಾರಿಗೆ ಬಂಪರ್ ಒಂದು ಬಣ್ಣ, ಬಾಡಿ ಒಂದು ಬಣ್ಣ. ಬೆಳ್ಳಿಯಂಥ ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂನ ಸಣ್ಣ ಸಣ್ಣ ಚಕ್ಕೆ ಇರುತ್ತವೆ. ಹೊಡೆದ ಬಣ್ಣ ಒಣಗುವಾಗ ಆ ಚಕ್ಕೆಗಳು ಹೇಗೆ ಮಲಗುತ್ತವೆ ಅನ್ನೋದರ ಮೇಲೆ ಬಣ್ಣ ತಿಳಿಯಾಗಿಯೋ ಗಾಢವಾಗಿಯೋ ಕಾಣುತ್ತದೆ. ಬಂಪರನ್ನು ಬಿಚ್ಚಿ ನೆಲದ ಮೇಲೆ ಅಂಗಾತ ಮಲಗಿಸಿ ಹೊಡೆದರೆ ಚಕ್ಕೆ ಒಂದು ಥರ ಕೂರುತ್ತದೆ. ನಿಂತಿರುವ ಮಡ್‌ಗಾರ್ಡ್ ಮೇಲೆ ಇನ್ನೊಂದು ಥರ. ಅದೇ ಡಬ್ಬದ ಬಣ್ಣ, ಆದರೂ ಎರಡು ಬಣ್ಣ! ಹಾಗಾಗಿ ಬಂಪರ್ ಬಿಚ್ಚಿದರೂ ಕಾರಿನಲ್ಲಿ ಯಾವ ಭಂಗಿಯಲ್ಲಿ ಇರುತ್ತದೋ ಅದೇ ಭಂಗಿಯಲ್ಲಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಹೊಡೆಸಿ. ಬಾಡಿ ಹೊಡೆದ ದಿನವೇ, ಅದೇ ಕೈಯಿಂದ, ಅದೇ ಗಾಳಿಯ ಒತ್ತಡದಲ್ಲಿ.

ಬಂಪರ್ ಪ್ಲಾಸ್ಟಿಕ್ಕಾದ್ದರಿಂದ ಮೊದಲು ಪ್ಲಾಸ್ಟಿಕ್ ಪ್ರೈಮರ್ ಬೇಕು. ಇಲ್ಲದಿದ್ದರೆ ಬಣ್ಣ ಹಾಳೆ ಹಾಳೆಯಾಗಿ ಏಳುತ್ತದೆ. ಬಾಗಿದರೂ ಬಿರಿಯದಂತೆ ಬಣ್ಣಕ್ಕೆ ಸೇರಿಸುವ ಫ್ಲೆಕ್ಸ್ ದ್ರವವೂ ಸಿಗುತ್ತದೆ, ಕೇಳಿ ಹಾಕಿಸಿ.

ಮುಂದೆ ಬಂಪರ್ ಕೆಳಗೆ ಲಿಪ್, ಅಂದರೆ ತುಟಿಯಂಥ ಪಟ್ಟಿ ಕೂರಿಸುವ ಆಸೆ ಇದ್ದರೆ ನಿಮ್ಮ ಬೀದಿಯ ಹಂಪನ್ನು ನೆನೆಸಿಕೊಳ್ಳಿ. ಬಾಡಿ ಬಣ್ಣದ ಲಿಪ್ ಬೇಡ, ಬಣ್ಣ ಹಚ್ಚದ ಕಪ್ಪು ರಬ್ಬರಿನದ್ದು ಸಾಕು. ಕೆರೆದುಕೊಂಡರೂ ಎದೆ ಒಡೆಯಲ್ಲ.

ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಮರೀಬೇಡಿ. 2019ರ ಏಪ್ರಿಲ್ 1ಕ್ಕೆ ಮುಂಚೆ ನೋಂದಣಿಯಾದ ನಮ್ಮ ಹಳೆ ಕಾರುಗಳಿಗೂ ಈಗ ಅದೇ ಪ್ಲೇಟ್. ಅದನ್ನು ಹಿಡಿದಿಟ್ಟ ಸ್ನ್ಯಾಪ್ ಲಾಕ್ ಒಂದೇ ಸಲಕ್ಕೆ, ತೆಗೆದರೆ ಮುರಿಯುತ್ತದೆ. ಶೆಡ್ಡಿನ ಹುಡುಗ ಮೀಟಿ ಕೀಳುವ ಮುಂಚೆಯೇ ಹೇಳಿ. ಪ್ಲೇಟ್ ಡೊಂಕಾಗದಂತೆ ಲಾಕನ್ನು ಮಾತ್ರ ಕೊರೆದು ತೆಗೆದು, ಆಮೇಲೆ ಅಧಿಕೃತ ಕಡೆ ಹೊಸ ಲಾಕ್ ಹಾಕಿಸಿಕೊಳ್ಳಬೇಕು.

ಕಪ್ಪು ಎಷ್ಟು ಬೇಕು?

ಈಗ ಎಲ್ಲರಿಗೂ ಕಪ್ಪು ಛಾವಣಿ ಬೇಕು. ನೋಡಲು ಚೆಂದವೇ, ಕಾರು ತಗ್ಗಾಗಿ ಕಾಣುತ್ತದೆ. ಆದರೆ ಏಪ್ರಿಲ್ ಬಿಸಿಲಲ್ಲಿ ಕಪ್ಪು ತಗಡು ಎಷ್ಟು ಕಾಯುತ್ತದೆ ಅಂತ ಕೈಯಿಟ್ಟು ನೋಡಿ. ಇಪ್ಪತ್ತು ವರ್ಷದ ಎಸಿಗೆ ಆ ಶಿಕ್ಷೆ ಬೇಕಾ? ಬಾಗಿಲ ನಡುವಿನ ಕಂಬಕ್ಕೆ, ಕನ್ನಡಿಗೆ, ಗ್ರಿಲ್ಲಿಗೆ ಕಪ್ಪು ಹೊಡೆಸಿ ಸಾಕು ಅನ್ನೋದು ನನ್ನ ಸಲಹೆ. ಇಡೀ ಛಾವಣಿಗೇ ಬೇಕು ಅನ್ನುವವರು ಆರ್‌ಟಿಒದಲ್ಲಿ ಮೊದಲೇ ಕೇಳಿಕೊಂಡು ಬನ್ನಿ.

ಮ್ಯಾಟ್ ಕಪ್ಪು ಬಾನೆಟ್ ಹಳೆ ರ‍್ಯಾಲಿ ಕಾರುಗಳಿಂದ ಬಂದದ್ದು. ಬಿಸಿಲು ಬಾನೆಟ್ಟಿಗೆ ಬಡಿದು ಡ್ರೈವರ್ ಕಣ್ಣಿಗೆ ಹೊಡೆಯದಿರಲಿ ಅಂತ. ಆ ಕಾಲದ ಲ್ಯಾನ್ಸರ್‌ಗೆ ಒಪ್ಪುತ್ತದೆ ಕೂಡ. ಆದರೆ ಮ್ಯಾಟ್ ಬಣ್ಣವನ್ನು ಪಾಲಿಶ್ ಮಾಡಲು ಬರಲ್ಲ. ಉಜ್ಜಿದ ಕಡೆ ಹೊಳಪು ಬಂದು ಕಲೆಯಾಗುತ್ತದೆ. ಒಂದು ಗೀರು ಬಿದ್ದರೆ ಇಡೀ ಬಾನೆಟ್ ಮತ್ತೆ ಹೊಡೆಸಬೇಕು.

ಗಾಜಿಗೆ ಕಪ್ಪು ಬೇಡವೇ ಬೇಡ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ 70%, ಪಕ್ಕದ ಗಾಜಿನಲ್ಲಿ 50% ಬೆಳಕು ಹಾಯಬೇಕು ಅನ್ನೋದು ನಿಯಮ.

ರಬ್ಬರ್, ದೀಪ

ಒಂದು ಕಾರಿಗೆ ಕಾಟಾಚಾರದ ಬಣ್ಣ ಆಗಿದೆಯಾ ಅಂತ ತಿಳಿಯಲು ಗಾಜಿನ ಸುತ್ತಲಿನ ರಬ್ಬರ್ ನೋಡಿದರೆ ಸಾಕು. ಅದರ ಮೇಲೆ ಬಣ್ಣದ ಮಂಜು ಕೂತಿದ್ದರೆ ಮಾಸ್ಕಿಂಗ್ ಮಾಡಿ, ಅಂದರೆ ಟೇಪು, ಕಾಗದದಲ್ಲಿ ಮುಚ್ಚಿ ಹೊಡೆದಿದ್ದಾರೆ, ಬಿಚ್ಚಿಲ್ಲ. ಅಂಥ ಅಂಚಿನಿಂದಲೇ ಮುಂದೆ ಬಣ್ಣ ಏಳಲು ಶುರು.

ಸಾಧ್ಯವಾದಷ್ಟೂ ಬಿಚ್ಚಿಸಿ. ಆದರೆ ಇಪ್ಪತ್ತು ವರ್ಷದ ರಬ್ಬರ್ ಬಿಚ್ಚಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಅದಕ್ಕೇ ಕಾರು ಶೆಡ್ಡಿಗೆ ಬಿಡುವ ಮುಂಚೆಯೇ ಗಾಜಿನ ರಬ್ಬರ್, ಬಾಗಿಲ ಬೀಡಿಂಗ್, ಕಿಟಕಿ ಗಾಜು ಒರೆಸುವ ಪಟ್ಟಿ, ಕ್ಲಿಪ್ಪು ತರಿಸಿಟ್ಟುಕೊಳ್ಳಿ. ತುಮಕೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಹೇಗೂ ಇದೆ. ಹೊಸ ಬಣ್ಣಕ್ಕೆ ಹೊಸ ರಬ್ಬರ್ ಸೇರಿದಾಗ ಆಗುವ ಬದಲಾವಣೆ ಯಾವ ಸ್ಪಾಯ್ಲರಿನಿಂದಲೂ ಆಗಲ್ಲ.

ಹೆಡ್‌ಲೈಟ್ ಡೂಮ್, ಅಂದರೆ ದೀಪದ ಮುಂದಿನ ಪಾರದರ್ಶಕ ಮುಚ್ಚಳ ಹಳದಿಯಾಗಿದ್ದರೆ ಹೊಸ ಬಣ್ಣದ ಪಕ್ಕದಲ್ಲಿ ಇನ್ನೂ ಹಳದಿಯಾಗಿ ಕಾಣುತ್ತದೆ. ಪ್ಲಾಸ್ಟಿಕ್ ಡೂಮ್ ಆದರೆ 800, 1000, 2000, 3000 ನಂಬರಿನ ವಾಟರ್ ಪೇಪರಿನಲ್ಲಿ ಕ್ರಮವಾಗಿ ಉಜ್ಜಿ, ಪಾಲಿಶ್ ಮಾಡಿ, ಮೇಲೆ ಬಿಸಿಲು ತಡೆಯುವ ಕ್ಲಿಯರ್ ಹೊಡೆಸಿ. ಕ್ಲಿಯರ್ ಇಲ್ಲದೆ ಬರೀ ಪಾಲಿಶ್ ಆದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಚಕ್ರ, ಪಟ್ಟೆ

ಅಲಾಯ್‌ಗೆ ಪೌಡರ್ ಕೋಟಿಂಗ್ ಗಟ್ಟಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ಡೊಂಕು, ಬಿರುಕು ಇದ್ದರೆ ಮೊದಲು ಅದನ್ನು ನೋಡಿ, ಬಣ್ಣದ ಕೆಳಗೆ ಮುಚ್ಚಬೇಡಿ. ಬೆಳ್ಳಿ ಕಾರಿಗೆ ಗನ್‌ಮೆಟಲ್ ಬೂದು, ಬಿಳಿ ಕಾರಿಗೆ ಕಂಚಿನ ಬಣ್ಣ ಚೆಂದ. ಚಕ್ರವನ್ನು ಹೊಳೆಯುವ ಕಪ್ಪು ಮಾಡಿಸಿದರೆ ದೂರದಿಂದ ಚಕ್ರವೇ ಕಾಣಲ್ಲ, ಬರೀ ತೂತು ಕಾಣುತ್ತದೆ.

ಪಟ್ಟೆ ಬೇಕಿದ್ದರೆ ವಿನೈಲ್ ಸ್ಟಿಕ್ಕರಿನಲ್ಲೇ ಮಾಡಿಸಿ. ಬೇಜಾರಾದರೆ ಹೇರ್ ಡ್ರೈಯರ್ ಹಿಡಿದು ಕಿತ್ತರಾಯಿತು. ಅದೂ ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ, ಒಂದೆರಡು ತಿಂಗಳು ಬಿಟ್ಟು.

ಶೆಡ್ಡಿನಲ್ಲಿ ಮಾತುಕತೆ

ಆಯುಧಪೂಜೆಗೆ ಮುಂಚೆ ಕಾರು ಬಿಡಬೇಡಿ. ಎಲ್ಲರಿಗೂ ಹಬ್ಬದೊಳಗೆ ಬೇಕು, ಶೆಡ್ಡಿನಲ್ಲಿ ಕಾಲಿಡಲು ಜಾಗ ಇರಲ್ಲ. ಜೊತೆಗೆ ನಮ್ಮಲ್ಲಿ ಜೋರು ಮಳೆ ಬರೋದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಗಾಳಿಯಲ್ಲಿ ತೇವ ಇದ್ದಾಗ, ಕಂಪ್ರೆಸರ್ ಪೈಪಿನಲ್ಲಿ ನೀರು ಸೇರಿದಾಗ ಬಣ್ಣದಲ್ಲಿ ಸೂಜಿಮೊನೆ ಗುಳ್ಳೆ ಬರುತ್ತದೆ, ಹೊಳಪು ಮಂಕಾಗುತ್ತದೆ. ಡಿಸೆಂಬರಿನಿಂದ ಫೆಬ್ರವರಿ ನನಗೆ ಸರಿ ಅನ್ನಿಸಿದ ಕಾಲ.

ಶೆಡ್ಡಿಗೆ ಹೋದಾಗ ದರ ಕೇಳುವ ಮುಂಚೆ ಇವನ್ನು ಕೇಳಿ. ಬೂತ್ ಇದೆಯಾ, ಅಥವಾ ತೆರೆದ ಜಾಗವಾ? ಬೇಕಿಂಗ್ ಎಷ್ಟು ಹೊತ್ತು? ಸಾಮಾನ್ಯವಾಗಿ 60 ಡಿಗ್ರಿಯಲ್ಲಿ ಅರ್ಧ ಗಂಟೆ, ಅದೂ ತಗಡೇ 60 ಡಿಗ್ರಿ ಮುಟ್ಟಿದ ಮೇಲಿನ ಲೆಕ್ಕ. ಬರಿ ತಗಡಿಗೆ ಎಪಾಕ್ಸಿ ಪ್ರೈಮರ್ ಹಾಕುತ್ತೀರಾ? ಕ್ಲಿಯರ್ ಎಷ್ಟು ಕೋಟ್? ಎರಡಕ್ಕಿಂತ ಕಮ್ಮಿ ಅಂದರೆ ವಾಪಸ್ ಬನ್ನಿ. ಮುಂದೆ ಒಂದೆರಡು ಸಲ ಪಾಲಿಶ್ ಮಾಡಲೂ ಅದರಲ್ಲಿ ದಪ್ಪ ಉಳಿದಿರಬೇಕು.

ಒಪ್ಪಿದ್ದನ್ನು ಬಾಯಿಮಾತಿಗೆ ಬಿಡಬೇಡಿ. ನಿಮ್ಮ ನೋಟ್‌ಬುಕ್‌ನ ಪಟ್ಟಿಯನ್ನೇ ಎರಡು ಪ್ರತಿ ಮಾಡಿ: ಯಾವ ತೂತು ವೆಲ್ಡ್, ಏನೇನು ಬಿಚ್ಚಬೇಕು, ಯಾವ ಭಾಗ ಕಪ್ಪು, ಬಣ್ಣದ ಕೋಡ್. ದುಡ್ಡು ಮೂರು ಕಂತಿನಲ್ಲಿ ಕೊಡಿ. ಎರಡನೇ ಕಂತು ಪ್ರೈಮರ್ ಹಂತದಲ್ಲಿ, ನೀವೇ ಹೋಗಿ ನೋಡಿದ ಮೇಲೆ. ಆ ಹಂತ ಬಹಳ ಮುಖ್ಯ. ಪ್ರೈಮರ್ ಮೇಲೆ ತೆಳುವಾಗಿ ಕಪ್ಪು ಪುಡಿ ಅಥವಾ ಕಪ್ಪು ಬಣ್ಣ ಉದುರಿಸಿ, ಉದ್ದನೆ ಪಟ್ಟಿಗೆ ಉಪ್ಪುಕಾಗದ ಸುತ್ತಿ ಉಜ್ಜಲು ಹೇಳಿ. ತಗ್ಗಿರುವ ಕಡೆ ಕಪ್ಪು ಉಳಿಯುತ್ತದೆ, ಉಬ್ಬಿರುವ ಕಡೆ ತಗಡು ಕಾಣುತ್ತದೆ. ಬೆಳ್ಳಿ, ಕಪ್ಪು ಬಣ್ಣಕ್ಕೆ ಇದು ಬೇಕೇ ಬೇಕು, ಅವು ಯಾವ ಅಲೆಯನ್ನೂ ಮುಚ್ಚಿಡಲ್ಲ. ನಾನು ಆ ದಿನ ಬೆಳಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಶೆಡ್ಡಿಗೆ ಹೋಗಿದ್ದೆ. ಭಾಯ್ ಮತ್ತು ಹುಡುಗರ ಜೊತೆ ತಿಂದು, ಬಾಗಿಲು ಬಾಗಿಲು ಕೈಯಾಡಿಸಿ ನೋಡಿದೆವು. ಬಲ ಹಿಂಬಾಗಿಲಲ್ಲಿ ಒಂದು ಅಲೆ ಸಿಕ್ಕಿತು. ಅವತ್ತೇ ಸರಿಹೋಯಿತು.

ಸ್ಪ್ರೇ ಮಾಡುವಾಗ ಹತ್ತಿರ ನಿಲ್ಲಬೇಡಿ. ಎರಡು ಭಾಗ ಬೆರೆಸುವ ಬಣ್ಣವನ್ನು ಗಟ್ಟಿ ಮಾಡುವ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಅನ್ನುವ ರಾಸಾಯನಿಕ ಉಸಿರಾಟಕ್ಕೆ ಕೆಟ್ಟದ್ದು, ಆಸ್ತಮಾ ತರಿಸಬಲ್ಲದು. ಮೂತಿಗೆ ಟವೆಲ್ ಕಟ್ಟಿಕೊಂಡು ಹೊಡೆಯುವವರಿಗೆ ಒಂದು ಒಳ್ಳೆ ಮಾಸ್ಕ್ ತಂದುಕೊಟ್ಟರೆ ತಪ್ಪೇನಿಲ್ಲ. ನಾನು ಕೊಟ್ಟೆ, ಮೊದಲು ನಕ್ಕರು, ಆಮೇಲೆ ಹಾಕಿಕೊಂಡರು.

ಮನೆಗೆ ಬಂದ ಮೇಲೆ

ಬಣ್ಣ ಮುಟ್ಟಲು ಗಟ್ಟಿ ಅನ್ನಿಸಿದರೂ ಒಳಗೆ ಇನ್ನೂ ಒಣಗುತ್ತಿರುತ್ತದೆ. ಒಂದು ವಾರ ಶಾಂಪೂ ಬೇಡ. ಎರಡು ತಿಂಗಳು ವ್ಯಾಕ್ಸ್, ಕೋಟಿಂಗ್ ಬೇಡ. ಬಟ್ಟೆ ಕವರನ್ನೂ ಹೊದಿಸಬೇಡಿ, ಗಾಳಿಗೆ ಬಿಡಿ. ಹೊಂಗೆ ಮರ, ತೆಂಗಿನ ಮರದ ಕೆಳಗೆ ನಿಲ್ಲಿಸಬೇಡಿ. ಹಕ್ಕಿ ಹಿಕ್ಕೆ ಬಿದ್ದರೆ ಅವತ್ತೇ ನೀರು ಹಾಕಿ ನೆನೆಸಿ ತೆಗೆಯಿರಿ, ಒಣಗಿದ್ದನ್ನು ಕೆರೆಯಬೇಡಿ.

ನಮ್ಮ ಬೋರ್‌ವೆಲ್ ನೀರು ಗಡಸು. ತೊಳೆದು ಬಿಸಿಲಿಗೆ ಬಿಟ್ಟರೆ ಹನಿ ಇದ್ದ ಕಡೆಯೆಲ್ಲ ಬಿಳಿ ಚುಕ್ಕೆ, ಕೆಲವು ಕ್ಲಿಯರ್ ಕೋಟ್ ಒಳಗೇ ಕೂರುತ್ತವೆ. ನೆರಳಲ್ಲಿ ತೊಳೆದು, ನೀರು ಆರುವ ಮುಂಚೆ ಒರೆಸಿ.

ಇನ್ನು ಪೂಜೆ. ಹೊಸ ಬಣ್ಣದ ಕಾರು ಮನೆಗೆ ಬಂದರೆ ಅಮ್ಮ ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿರುತ್ತಾರೆ. ಮೊದಲ ಸಲ ಬಾನೆಟ್ ಮೇಲೆ ನೀರಲ್ಲಿ ಕಲಸಿದ ಅರಿಶಿನ, ಕುಂಕುಮದ ದೊಡ್ಡ ಸ್ವಸ್ತಿಕ ಬಿತ್ತು. ಅದರ ನೆರಳು ಆರು ತಿಂಗಳು ಹೋಗಲಿಲ್ಲ. ಬಂಪರಿಗೆ ಕಟ್ಟಿದ ಬಾಳೆಕಂದಿನ ಸೊನೆ ಇಳಿದು ಕಂದು ಗೆರೆ, ಅದು ಇನ್ನೂ ಮೊಂಡು. ಎರಡನೇ ಸಲ ನಾನೇ ಮುಂಚೆ ಹೇಳಿದೆ: "ಅಮ್ಮಾ, ಕುಂಕುಮ ಗಾಜಿಗೆ ಇಡು, ಹೂವು ವೈಪರಿಗೆ ಸಿಗಿಸು, ನಿಂಬೆಹಣ್ಣು ಚಕ್ರದ ಕೆಳಗೆ ಎಷ್ಟು ಬೇಕಾದ್ರೂ ಇಡು." ಅಮ್ಮ ಕಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇಷ್ಟು ಖರ್ಚು ಮಾಡಿ ಮತ್ತೆ ಅದೇ ಬಣ್ಣ ಹೊಡೆಸಿದ್ಯಾ?" ಅಂದರು.

ಉಳಿದ ಬಣ್ಣವನ್ನು ಶೆಡ್ಡಿನಲ್ಲೇ ಬಿಟ್ಟು ಬರಬೇಡಿ, ಕೇಳಿ ತೆಗೆದುಕೊಳ್ಳಿ. ಹಾರ್ಡನರ್ ಬೆರೆಸದ ಬಣ್ಣ ಕಾಲು ಲೀಟರಿನಷ್ಟಿದ್ದರೂ ಬಿಗಿ ಮುಚ್ಚಳದ ಡಬ್ಬದಲ್ಲಿ ಹಾಕಿ, ಮೇಲೆ ಕೋಡ್, ತಾರೀಕು ಬರೆದು, ಬಿಸಿಲು ಬೀಳದ ಕಡೆ, ಒಲೆ ಗ್ಯಾಸಿನಿಂದ ದೂರ ಇಡಿ. ನನ್ನದು ಅಟ್ಟದ ಮೇಲಿದೆ. ಎಡ ಬಾಗಿಲಿನ ಆ ಎರಡು ತಗ್ಗಿಗೆ ಈ ಜನವರಿಯಲ್ಲಿ ಇಳಿಸಬೇಕು.